ಬಿಟ್ಟುಹೋದವರು

ಡೊಂಬಿವಲಿ ಪೂರ್ವ
10 ನವೆಂಬರ್ 2013

ಹಣಮಂತ್ರಾಯನಿಗೆ ಪುಷ್ಪಾವತಿ ಮಾಡುವ ಆಶೀರ್ವಾದ.

ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದ ಕೂಡಲೇ ಅದರ ಹಿಂದೆ ಇನ್ನೊಂದು ದನಿಗೆ ಕಿವಿ ಕಾಯುತ್ತದೆ. ನೀವಿಬ್ಬರೂ ಒಂದೇ ಫೋನಿಗೆ ಬಾಯಿ ಹಾಕಿ ನನ್ನನ್ನು ಸತಾಯಿಸುತ್ತಿದ್ದವರು. ಹಾಗಾಗಿ ಬರೆಯುತ್ತಿದ್ದೇನೆ.

ದೀಪಾವಳಿಗೆ ನೀನು ಬರಲಿಲ್ಲ. ನಾವೂ ದೀಪ ಹಚ್ಚಲಿಲ್ಲ.

ವಿಷಯ ಇದು. ಮೊನ್ನೆ ರಿತೇಶ ತನ್ನ ಅಣ್ಣ ಹಿತೇಶನ ಲ್ಯಾಪ್‌ಟಾಪ್ ತೆರೆದ. ಜೂನ್ ತಿಂಗಳಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಹೋಟೆಲ್ ಕೆಲಸದವರ ಕಾಲಿನ ಬಗ್ಗೆ ಹಿತೇಶ ಬರೆಯುತ್ತಿದ್ದ ಲೇಖನ ಅದರಲ್ಲಿ ಉಂಟು. ಅವನ ಹೆಸರಿನ ಪಕ್ಕ ನಿನ್ನ ಹೆಸರೂ ಉಂಟು. ಅವನ ಅಪ್ಪನ ಕಾಲು ತೆಗೆದ ವರ್ಷ ಹಿತೇಶ ಇನ್ನೂ ಎಂಬಿಬಿಎಸ್ ಓದುತ್ತಿದ್ದ. ಹವಾಯಿ ಚಪ್ಪಲಿಯಲ್ಲಿ, ಹೋಟೆಲಿನ ಒದ್ದೆ ನೆಲದ ಮೇಲೆ ನಿಂತು ಆಯುಷ್ಯವಿಡೀ ದೋಸೆ ಹೊಯ್ದ ಕಾಲು ಅದು. ಸಕ್ಕರೆ ಕಾಯಿಲೆಯಿಂದ ಅಂಗಾಲು ಮರಗಟ್ಟಿ, ಗಾಯವಾದದ್ದು ಇವರಿಗೆ ತಿಳಿಯಲೇ ಇಲ್ಲ. ಆಗ ಆಸ್ಪತ್ರೆಯ ವರಾಂಡದಲ್ಲಿ ಕೂತು ಹಿತೇಶ "ಅಪ್ಪನ ಹಾಗೆ ಇನ್ನೂ ಎಷ್ಟು ಜನ ಇರಬಹುದು ಅಮ್ಮಾ" ಎಂದು ಕೇಳಿದ್ದ. ಆ ಮಾತೇ ಬೆಳೆದು ಈ ಲೇಖನ ಆದದ್ದು.

ಅವನ ಇ-ಮೇಲಿಗೆ ಒಂದು ಅಂತಾರಾಷ್ಟ್ರೀಯ ಜರ್ನಲಿನವರು ಬರೆದಿದ್ದಾರೆ. "ಮಾನ್ಯ ಪ್ರೊಫೆಸರ್ ಹಿತೇಶ್ ಅವರೇ, ನಿಮ್ಮಂಥ ಖ್ಯಾತ ವಿಜ್ಞಾನಿಯ ಲೇಖನಕ್ಕಾಗಿ ಕಾದಿದ್ದೇವೆ" ಎಂದು. ಹತ್ತು ದಿನದಲ್ಲಿ ಅಚ್ಚು ಮಾಡುತ್ತಾರಂತೆ. ಪ್ರೊಫೆಸರ್ ಎಂಬ ಮಾತು ಕೇಳಿ ಇವರು ಕಣ್ಣೊರೆಸಿಕೊಂಡರು. ಜೂನಿನಲ್ಲಿ ವರ್ಷದ ಕಾರ್ಯ ಬರುತ್ತದೆ. ಅಷ್ಟರೊಳಗೆ ಅವನ ಹೆಸರು ಅಚ್ಚಿನಲ್ಲಿ ನೋಡಬೇಕು ಎಂದು ಇವರ ಆಸೆ. ನನ್ನದೂ.

ನೀನು ಒಮ್ಮೆ ಓದಿ, ಸರಿ ಉಂಟೆಂದು ಹೇಳು. ರಿತೇಶ ಕಳಿಸುತ್ತಾನೆ.

ಊಟ ಸರಿಯಾಗಿ ಮಾಡು.

ಇತಿ,
ಪುಷ್ಪಾವತಿ


ಕಾಮೋಠೆ
24 ನವೆಂಬರ್ 2013

ಪುಷ್ಪಾ ಕಾಕು ಅವರಿಗೆ ಹಣಮಂತ್ರಾಯನ ನಮಸ್ಕಾರಗಳು.

ನಿಮ್ಮ ಪತ್ರ ಮುಟ್ಟಿತು. ದೀಪಾವಳಿಗೆ ಡೊಂಬಿವಲಿ ಸ್ಟೇಶನ್ ತನಕ ಬಂದಿದ್ದೆ. ಬ್ರಿಜ್ ಇಳಿದು ನಿಮ್ಮ ಓಣಿಗೆ ಬರೂದು ಆಗಲಿಲ್ಲ. ಹಂಗೇ ತಿರುಗಿ ಬಂದೆ. ಸಿಟ್ಟಾಗಬ್ಯಾಡ್ರಿ.

ಕಾಕು, ಆ ಜರ್ನಲ್ಲಿಗೆ ಕಳಿಸಬ್ಯಾಡ್ರಿ.

ಡಾಕ್ಟರು ಯಾವುದಾದ್ರೂ ಒಂದು ಜಡ್ಡಿನ ಬಗ್ಗೆ ತಿಳಕೋಬೇಕಂದ್ರ ಕಂಪ್ಯೂಟರಿನ್ಯಾಗ ಹುಡುಕ್ತಾರ. ಪರೀಕ್ಷೆ ಮಾಡಿ ಆರಿಸಿದ ಜರ್ನಲ್‌ಗಳ ಲೇಖನ ಅಷ್ಟೇ ಸೇರಿಸಿಟ್ಟ ದೊಡ್ಡ ಸೂಚಿಗಳು ಅವ. ಅದರಾಗ ಇದ್ದದ್ದಕ್ಕೇ ಇಂಡೆಕ್ಸ್ ಆದ ಜರ್ನಲ್ ಅಂತಾರ. ಅದರ ಹೊರಗ ಅಚ್ಚಾದ್ರ, ಅಚ್ಚಾಗಿದ್ದು ನಮಗ ಬಿಟ್ಟು ಇನ್ಯಾರಿಗೂ ಗೊತ್ತಾಗಂಗಿಲ್ಲ. ಇವರ ವೆಬ್‌ಸೈಟಿನ್ಯಾಗ "ನಾವು ಎಲ್ಲಾ ಕಡೆ ಇಂಡೆಕ್ಸ್ ಆಗೀವಿ" ಅಂತ ದೊಡ್ಡ ಅಕ್ಷರದಾಗ ಬರದಾರ. ನಾ ಅವರ ಮಾತು ಬಿಟ್ಟು ಸೂಚಿಯೊಳಗೇ ಹೋಗಿ ಹೆಸರು ಹುಡುಕಿದೆ. ಇಲ್ಲ. ಸಂಪಾದಕರ ಸಾಲಿನ್ಯಾಗ ಪುಣೆದ ಪ್ರೊಫೆಸರ್ ಒಬ್ಬರ ಫೋಟೋ ಅದ. ಅವರಿಗೆ ಫೋನ್ ಹಚ್ಚಿದೆ. "ನನ್ನ ಫೋಟೋ? ನನ್ನನ್ನ ಯಾರು ಕೇಳಿದ್ರು?" ಅಂದ್ರು.

ಒಳ್ಳೆ ಜರ್ನಲ್ಲಿನವರು ಲೇಖನವನ್ನ ನಮ್ಮ ಗುರುತಿಲ್ಲದ ತಜ್ಞರ ಕೈಯಾಗ ಕೊಟ್ಟು ತಪ್ಪು ಹುಡುಕಸ್ತಾರ. ತಿಂಗಳುಗಟ್ಟಲೆ ಹಿಡೀತದ. ಬ್ಯಾಡ ಅಂತ ವಾಪಸ್ ಕಳಿಸಲೂಬಹುದು. ಹತ್ತು ದಿನದಾಗ ಅಚ್ಚು ಹಾಕ್ತೀವಿ ಅಂದ್ರ ಅದನ್ನ ಯಾರೂ ಓದಂಗಿಲ್ಲ ಅಂತ ಅರ್ಥ. ಮತ್ತ ಒಂದು ಕಡೆ ಅಚ್ಚಾದ ಲೇಖನ ಇನ್ನೊಂದು ಕಡೆ ತಗೊಳ್ಳಂಗಿಲ್ಲ. ಅಲ್ಲಿಗೆ ಮುಗೀತು.

ಹಿತೇಶ ಎಷ್ಟು ತಿರುಗ್ಯಾನ ಅಂತ ನೋಡಿದವ ನಾನು. ಡೊಂಬಿವಲಿ, ಕಲ್ಯಾಣ, ಠಾಣೆದ ಹೋಟೆಲ್ಲುಗಳ ಅಡಗಿಮನಿಯೊಳಗ ಸಕ್ಕರೆ ಜಡ್ಡು ಇದ್ದವರನ್ನ ಹುಡುಕಿ, ಅರ್ಧ ಹೋಟೆಲ್ಲಿನವರಿಗೆ ಮುಚ್ಚಿದ ಬೂಟು ಕೊಟ್ಟು, ಉಳಿದವರಿಗೆ ಬರೇ ಸಲಹೆ ಕೊಟ್ಟು, ಎಲ್ಲರ ಕಾಲೂ ತಿಂಗಳಾ ನೋಡ್ತಿದ್ದ. ಮುಂಜಾನೆ ನಮ್ಮ ಮೆಡಿಕಲ್ ಕಾಲೇಜಿಗೆ ಡ್ಯೂಟಿಗೆ ಬರೂವಾಗ ಮುಂಬ್ರಾದ ಹತ್ತಿರ ಲೋಕಲ್ ರೈಲಿನ ಬಾಗಿಲದಿಂದ ಬಿದ್ದು ಅಂವ ತೀರಿಕೊಂಡ ದಿನಾನೂ ಕಾಲೇಜು ಮುಗಿಸಿ ಠಾಣೆದ ಹೋಟೆಲ್ಲಿಗೆ ಹೋಗಾಂವ ಇದ್ದ. ಕೊನೀ ಸುತ್ತು ನಾ ತಿರುಗಿದೆ. ಇಷ್ಟು ಮಾಡಿದ್ದನ್ನ ಯಾರೂ ಓದದ ಕಡೆ ಹಾಕಬ್ಯಾಡ್ರಿ.

ನನಗ ಟೈಮ್ ಕೊಡ್ರಿ.

ನಿಮ್ಮ,
ಹಣಮಂತ್ರಾಯ


ಡೊಂಬಿವಲಿ
5 ಜನವರಿ 2014

ಹಣಮಂತ್ರಾಯ,

ನಿನ್ನ ಪತ್ರ ಬಂದು ತಿಂಗಳು ಮೀರಿತು. ಉತ್ತರ ಬರೆಯಲು ಮನಸ್ಸಾಗಲಿಲ್ಲ.

ರಿತೇಶ ಲೇಖನ ಕಳಿಸಿಯಾಯಿತು. ಎರಡೇ ದಿನದಲ್ಲಿ ಉತ್ತರ ಬಂತು. "ಅತ್ಯುತ್ತಮ ಸಂಶೋಧನೆ, ಒಂದಕ್ಷರ ಬದಲಿಸುವ ಅಗತ್ಯವಿಲ್ಲ" ಎಂದು ಬರೆದಿದ್ದಾರೆ. ಸಂಪಾದಕರ ಸಹಿ ಇದ್ದ ಒಂದು ಸರ್ಟಿಫಿಕೇಟೂ ಉಂಟು. ಇವರು ಅದನ್ನು ಕಲರ್ ಪ್ರಿಂಟ್ ತೆಗೆಸಿ ಹಿತೇಶನ ಫೋಟೋದ ಕೆಳಗೆ ಇಟ್ಟಿದ್ದಾರೆ. ಇನ್ನು ಅವರ ಫೀಸು ಕಟ್ಟುವುದೊಂದೇ ಬಾಕಿ.

ನೀನು ಹೇಳುವ ದೊಡ್ಡ ಜರ್ನಲಿಗೆ ವರ್ಷಗಟ್ಟಲೆ ಬೇಕು. ಆಮೇಲೆ ಬೇಡ ಎನ್ನಲೂಬಹುದು. ಇವರಿಗೆ ಈಗ ಇನ್ನೊಂದು ಕಾಲಿನಲ್ಲೂ ಬಾವು ಉಂಟು. ನಾವು ಎಷ್ಟು ಸಮಯ ಕಾಯಬೇಕು?

ಒಂದು ಮಾತು ಕೇಳುತ್ತೇನೆ. ಬೇಸರವಾದರೆ ಆಗಲಿ. ನಿಮ್ಮ ಕಾಲೇಜಿನಲ್ಲಿ ಬಡ್ತಿಗೆ ಇಂಥ ಲೇಖನ ಬೇಕಂತೆ, ಮೊದಲ ಹೆಸರು ಇದ್ದರೆ ಒಳ್ಳೆಯದಂತೆ. ರಿತೇಶನಿಗೆ ಆಫೀಸಿನಲ್ಲಿ ಯಾರೋ ಹೇಳಿದರು. ಇದರಲ್ಲಿ ನಿನ್ನ ಹೆಸರು ಎರಡನೆಯದು. ತಡಮಾಡಿ, ನಾಳೆ "ಇದ್ದವರೇ ಮುಂದೆ ನಿಲ್ಲಬೇಕಾಯಿತು" ಎಂದು ನೀನು ಹೇಳುವುದಿಲ್ಲ ಎಂದು ನನಗೆ ಹೇಗೆ ಗೊತ್ತಾಗಬೇಕು?

ನನ್ನ ಮನೆಯಲ್ಲಿ ಎರಡನೇ ಮಗನ ಹಾಗೆ ಉಂಡವನು ನೀನು. ಅದಕ್ಕೇ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಬರೆದೆ.

ಪುಷ್ಪಾವತಿ


ಕಾಮೋಠೆ
12 ಜನವರಿ 2014

ಕಾಕು,

ಮೊದಲ ಹೆಸರು ಹಿತೇಶನದು. ನಾ ಇರೂತನಕ ಅದನ್ನ ಯಾರೂ ಸರಸಂಗಿಲ್ಲ. ಅದನ್ನ ಈ ಪತ್ರದಾಗ ಬರೆದು ಸಹಿ ಮಾಡೀನಿ. ರಿತೇಶನ ಕಡೆ ಇಟ್ಟಿರಲಿ.

ಎರಡು ದಿನದಾಗ ಬಂದ ಹೊಗಳಿಕೆ ನೋಡಿ ಹೆದರಿಕಿ ಆತು. ನಮ್ಮ ಲೇಖನದಾಗ ಏಳನೇ ಪುಟದ ಒಂದು ಕೋಷ್ಟಕ ಇನ್ನೂ ಅರ್ಧ ಖಾಲಿ ಅದ. ಹಿತೇಶ ತುಂಬೋದರೊಳಗ ಹೋದ. ಖಾಲಿ ಇದ್ದದ್ದು ಅವರ ಕಣ್ಣಿಗೆ ಬಿದ್ದಿಲ್ಲ.

ಒಂದೇ ಬೇಡಿಕೊಳ್ತೀನಿ. ಫೀಸು ಕಟ್ಟೋ ಮೊದಲ ಅವರ ಮುಖ್ಯ ಕಚೇರಿ ನೋಡಿ ಬರ್ರಿ. ದೂರ ಇಲ್ಲ, ಖಾರಘರದಾಗೇ ಅದ. ವೆಬ್‌ಸೈಟಿನ್ಯಾಗ ಕೊಟ್ಟ ವಿಳಾಸ ಹಿಂದಿನ ಪುಟದಾಗ ಬರದೀನಿ. ನಾ ಹೋಗಿ ಬಂದು ಹೇಳಿದ್ರ ನೀವು ಈಗ ನಂಬೂದಿಲ್ಲ. ನಂಬ್ರಿ ಅಂತ ಹೇಳೂದೂ ಇಲ್ಲ.

ಕಾಕಾರ ಕಾಲಿನ ಬಾವು ತೋರಿಸ್ರಿ. ತಡ ಮಾಡಬ್ಯಾಡ್ರಿ.

ಹಣಮಂತ್ರಾಯ


ಡೊಂಬಿವಲಿ
2 ಫೆಬ್ರವರಿ 2014

ಪ್ರೀತಿಯ ಹಣಮಂತ್ರಾಯನಿಗೆ,

ಕಳೆದ ಸೋಮವಾರ ನಾನೂ ಇವರೂ ಖಾರಘರಕ್ಕೆ ಹೋಗಿ ಬಂದೆವು. ಕಲ್ಯಾಣಕ್ಕೆ ಹೋಗಿ ಪನ್ವೇಲಿನ ಬಸ್ಸು ಹಿಡಿದು, ಕಳಂಬೋಲಿಯಲ್ಲಿ ಇಳಿದು, ರಿಕ್ಷಾ ಮಾಡಿದೆವು. ಲೋಕಲಿನಲ್ಲಿ ಠಾಣೆಗೆ ಹೋಗಿ ಬದಲಿಸಿದ್ದರೆ ಬೇಗ ಮುಟ್ಟುತ್ತಿದ್ದೆವು. ಆ ಮಾತು ಇಬ್ಬರೂ ಎತ್ತಲಿಲ್ಲ.

ಕಟ್ಟಡ ದೊಡ್ಡದು, ಹಿಂದೆಯೇ ಗುಡ್ಡ. ಇವರು ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದರು, ಸಂಪಾದಕರನ್ನು ನೋಡುವುದಲ್ಲವೇ ಎಂದು. ನಾಲ್ಕನೇ ಮಾಳಿಗೆಯ ಬಾಗಿಲಿನಲ್ಲಿ ಬೋರ್ಡು ಇರಲಿಲ್ಲ. ಬೆಲ್ ಮಾಡಿದೆ. ಮಸಾಲೆ ಪುಡಿ ಕೈಯ ಹೆಂಗಸೊಬ್ಬಳು ತೆರೆದು "ಕೋಣ ಪಾಹಿಜೆ, ಯಾರು ಬೇಕು?" ಎಂದಳು.

ಜರ್ನಲಿನ ಹೆಸರು ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಸರ್ಟಿಫಿಕೇಟು ತೋರಿಸಿದೆ. ವಿಳಾಸ ಓದಿ, "ಇದು ನಮ್ಮದೇ ಮನೆ. ಮೊದಲು ಬಾಡಿಗೆಗೆ ಇದ್ದವನು ಕೊಟ್ಟು ಹೋದ ವಿಳಾಸ ಇರಬೇಕು. ಆವಾಗಾವಾಗ ಟಪಾಲು ಬರುತ್ತದೆ. ಕಳಿಸಿದವರ ಜಾಗದಲ್ಲಿ ಡಾಕ್ಟರ ಹೆಸರೇ ಇರುತ್ತದೆ. ಯಾರೂ ತೆಗೆದುಕೊಂಡು ಹೋಗಲು ಬರುವುದಿಲ್ಲ" ಎಂದಳು. ಟಿವಿಯ ಕೆಳಗೆ ಲಕೋಟೆಗಳ ರಾಶಿ. ಒಂದನ್ನೂ ಒಡೆದಿರಲಿಲ್ಲ.

"ಮಗ ಡಾಕ್ಟರಾ?" ಎಂದು ಕೇಳಿದಳು.

"ಹೌದು" ಎಂದರು ಇವರು.

"ಎಲ್ಲಿ ಇರುತ್ತಾರೆ?"

ನಾನು ನೀರು ಕೇಳಿದೆ. ಕುಡಿದು ಹೊರಟೆವು. ಲಿಫ್ಟಿನಲ್ಲಿ ಇವರು ಸರ್ಟಿಫಿಕೇಟನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟರು. ಬಸ್ಸಿನಲ್ಲಿ, ಶಿಳಫಾಟಾ ದಾಟಿದ ಮೇಲೆ, "ಎಷ್ಟೋ ಜನರ ಮಕ್ಕಳು ಬರೆದದ್ದು ಆ ಟಿವಿಯ ಕೆಳಗೆ ಉಂಟಲ್ಲ ಪುಷ್ಪಾ" ಎಂದರು.

ಫೀಸು ಕಟ್ಟಿಲ್ಲ. ಲೇಖನ ವಾಪಸ್ ಬೇಕೆಂದು ಬರೆಯುವುದು ಹೇಗೆ ಎಂದು ರಿತೇಶನಿಗೆ ತಿಳಿಸು.

ಹಿಂದಿನ ಪತ್ರದಲ್ಲಿ ನಾನು ಬರೆದದ್ದನ್ನು ನೀನು ಓದಿ ಆಗಿದೆ. ಇನ್ನು ಅಳಿಸಲು ಬರುವುದಿಲ್ಲ.

ಇತಿ,
ಪುಷ್ಪಾವತಿ


ಕಾಮೋಠೆ
3 ಆಗಸ್ಟ್ 2014

ಪುಷ್ಪಾ ಕಾಕು ಅವರಿಗೆ ನಮಸ್ಕಾರಗಳು.

ವರ್ಷದ ಕಾರ್ಯದ ದಿನ ನಿಮ್ಮ ಮನಿಗೆ ಬಂದಾಗ ಲೇಖನದ ಮಾತು ನೀವೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗ ಹೇಳ್ತೀನಿ.

ಖಾರಘರದ ಆ ಜರ್ನಲ್ಲಿನವರು ವಾಪಸ್ ಕೊಡಲಿಕ್ಕೂ ಫೀಸು ಕೇಳಿದ್ರು, ಆಮ್ಯಾಲ ಕೋರ್ಟಿಗೆ ಹೋಗ್ತೀವಿ ಅಂದ್ರು. ಕಾಲೇಜಿನ ಕಡಿಂದ ಕಾಗದ ಹೋದ ಮ್ಯಾಲ ತಣ್ಣಗಾದ್ರು. ನಮ್ಮ ಲೇಖನವನ್ನ ಅವರು ಎಲ್ಲೂ ಹಾಕಿಲ್ಲ. ಅದು ನಮ್ಮ ಪುಣ್ಯ. ರೊಕ್ಕ ಕಟ್ಟಿದ್ರ ಮರುದಿನಾನೇ ಹಾಕ್ತಿದ್ರು.

ಖಾಲಿ ಇದ್ದ ಕೋಷ್ಟಕ ತುಂಬಿ, ಮೇ ತಿಂಗಳಾಗ ಒಂದು ಒಳ್ಳೆ ಜರ್ನಲ್ಲಿಗೆ ಕಳಿಸಿದೆ. ಸೂಚಿಯೊಳಗ ಅದ, ಸಕ್ಕರೆ ಜಡ್ಡಿನ ಡಾಕ್ಟರು ಓದ್ತಾರ. ಮೂರು ವಾರಕ್ಕ ವಾಪಸ್ ಬಂತು. "ಕೆಲಸ ಚೊಲೋ ಅದ, ಆದರ ನಮ್ಮ ಓದುಗರಿಗೆ ಹೊಂದೂದಿಲ್ಲ" ಅಂತ. ಅವರು ದೊಡ್ಡ ಆಸ್ಪತ್ರೆಯ ಔಷಧಿ ಪ್ರಯೋಗದ ಮ್ಯಾಲ ಬರಿಯೋರು. ಬೂಟಿನ ಸುದ್ದಿ ಅವರಿಗೆ ಸಣ್ಣದು ಅನಿಸಿರಬೇಕು. ತಪ್ಪು ನನ್ನದೂ ಅದ. ಹೆಸರು ನೋಡಿ ಕಳಿಸಿದೆ, ಅವರು ಏನು ಅಚ್ಚು ಹಾಕ್ತಾರ ಅಂತ ಓದಿ ಕಳಿಸಲಿಲ್ಲ.

ಈ ಸಲ ಹಿಂದಿನ ಎರಡು ವರ್ಷದ ಸಂಚಿಕೆ ಕೂತು ತಿರುವಿ ಹಾಕಿ, ಕೆಲಸಗಾರರ ಆರೋಗ್ಯದ ಮ್ಯಾಲೇ ಬರುವ ಒಂದು ಜರ್ನಲ್ ಆರಿಸೀನಿ. ಅದೂ ಸೂಚಿಯೊಳಗ ಅದ. ಅದರಾಗ ಬರದವರೊಬ್ಬರಿಗೆ ಫೋನ್ ಮಾಡಿ ಕೇಳಿದೆ. "ಸತಾಯಿಸ್ತಾರ, ಆದರ ಪ್ರಾಮಾಣಿಕ ಇದ್ದಾರ" ಅಂದ್ರು. ನಿನ್ನೆ ಕಳಿಸಿದೆ.

ಕಾಕಾರ ಬಾವು ಇಳಿದದ್ದು ರಿತೇಶ ಹೇಳಿದ. ಸಮಾಧಾನ ಆತು.

ನಿಮ್ಮ,
ಹಣಮಂತ್ರಾಯ


ಕಾಮೋಠೆ
11 ಜನವರಿ 2015

ಕಾಕು ಅವರಿಗೆ ನಮಸ್ಕಾರ.

ಜರ್ನಲ್ಲಿನಿಂದ ಉತ್ತರ ಬಂತು. ಬ್ಯಾಡ ಅಂದಿಲ್ಲ. ತಗೋತೀವಿ ಅಂತಾನೂ ಅಂದಿಲ್ಲ. ಪರೀಕ್ಷೆ ಮಾಡಿದ ಇಬ್ಬರೊಳಗ ಒಬ್ಬರು ಹಿತೇಶನ ಬರವಣಿಗೆ ಭಾಳ ಮೆಚ್ಯಾರ. ಎರಡನೆಯವರು ಒಂದೇ ಪ್ರಶ್ನೆ ಕೇಳ್ಯಾರ.

ಬೂಟು ಹಾಕದವರ ಜೋಡಿ ಹೋಲಿಸಿದ್ರ ಬೂಟು ಹಾಕಿದವರೊಳಗ ಗಾಯ ಆದದ್ದು ಅರ್ಧಕ್ಕಿಂತ ಕಡಿಮಿ ಅಂತ ಹಿತೇಶ ಬರದಾನ. ವರ್ಷದ ಕೊನೀ ತನಕ ಕೈಗೆ ಸಿಕ್ಕವರ ಲೆಕ್ಕದ ಪ್ರಕಾರ ಅದು ಖರೆ. ಆದರ ನಡುವ ಕೆಲಸ ಬಿಟ್ಟು ಊರಿಗೆ ಹೋದವರು ಹದಿನೆಂಟು ಮಂದಿ ಇದ್ದಾರ. ಅವರನ್ನ "ಬಿಟ್ಟುಹೋದವರು" ಅಂತ ಬರದು ಲೆಕ್ಕದಿಂದ ತಗದೀವಿ. ಆ ತಜ್ಞರು ಕೇಳ್ತಾರ: "ಅವರು ಯಾಕ ಹೋದ್ರು? ಕಾಲಿಗೆ ಗಾಯ ಆಗಿ ನಿಂತು ಕೆಲಸ ಮಾಡಲಿಕ್ಕೆ ಆಗಲಾರದಕ್ಕೇ ಹೋಗಿದ್ರ?"

ಹಂಗಾಗಿದ್ರ ಗಾಯ ಆದವರನ್ನೇ ನಾವು ಲೆಕ್ಕದಿಂದ ಹೊರಗ ಹಾಕಿದಂಗ ಆತು.

ಅವರನ್ನ ಹುಡುಕಿ ಕೇಳಿದ ಹೊರತು ಉತ್ತರ ಕೊಡಲಿಕ್ಕೆ ಬರೂದಿಲ್ಲ. ಇದ್ದ ಫೋನ್ ನಂಬರ್ ಎಲ್ಲಾ ಬಂದ್ ಅವ. ಹೋಟೆಲ್ ಮಾಲಕರು ನನಗ "ಗೊತ್ತಿಲ್ಲ ಡಾಕ್ಟರ್" ಅಂತಾರ. ಹೆಚ್ಚಿನವರು ನಿಮ್ಮ ಕಡೆಯವರು, ಕಾರ್ಕಳ, ಉಡುಪಿ, ಬೆಳ್ತಂಗಡಿ. ನನಗ ತುಳು ಬರೂದಿಲ್ಲ. ನೀವು ಕಾಕಾರು ಕೂಡಿ ಏನರ ಮಾಡಬಹುದಾ? ಹೆಸರು ಜೋಡಿಗೆ ಕಳಿಸೀನಿ.

ನಿಮ್ಮ,
ಹಣಮಂತ್ರಾಯ


ಡೊಂಬಿವಲಿ
8 ಮಾರ್ಚ್ 2015

ಪ್ರೀತಿಯ ಹಣಮಂತ್ರಾಯನಿಗೆ ಆಶೀರ್ವಾದ.

ನಿನ್ನ ಪತ್ರ ಬಂದ ದಿನದಿಂದ ಇವರಿಗೆ ಹೊಸ ಜೀವ ಬಂದಿತ್ತು. ಬೆಳಿಗ್ಗೆ ಚಹಾ ಕುಡಿದು, ಕೃತಕ ಕಾಲು ಹಾಕಿ, ಕೋಲು ಹಿಡಿದು ಹೊರಟರೆಂದರೆ ಒಂದೊಂದು ಹೋಟೆಲಿನಲ್ಲಿ ಹಣ ಕಟ್ಟುವ ಗಲ್ಲೆಯ ಎದುರು ಕೂರುವುದು. ಇವರನ್ನು ಕಂಡು "ಬೂಬಣ್ಣ ಬಂದರು" ಎಂದು ಅಡುಗೆಯವರು ಹೊರಗೆ ಬರುತ್ತಿದ್ದರು. ಯಾರ ಭಾವ ಎಲ್ಲಿದ್ದಾನೆ, ಯಾರ ತಂಗಿಯನ್ನು ಎಲ್ಲಿಗೆ ಕೊಟ್ಟದ್ದು, ಹೀಗೆ ಕೇಳಿ ಕೇಳಿ ನಂಬರು ತಂದರು. ಫೋನ್ ಮಾಡಿದ್ದು ನಾನು.

ಹದಿನೈದು ಜನ ಸಿಕ್ಕಿದರು. ಇಬ್ಬರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಒಬ್ಬರು ಹೃದಯದ ತೊಂದರೆಯಿಂದ ತೀರಿಕೊಂಡರಂತೆ. ಸಿಕ್ಕವರಲ್ಲಿ ಮದುವೆ, ಜಾಗದ ತಕರಾರು, ಬೇರೆ ಹೋಟೆಲು ಎಂದು ಬಿಟ್ಟವರು ಹೆಚ್ಚು. ಏಳು ಜನ ಕಾಲಿನ ಗಾಯದಿಂದಲೇ ಬಿಟ್ಟದ್ದು. ಆ ಏಳರಲ್ಲಿ ಐದು ಜನ ಬೂಟು ಹಾಕುತ್ತಿದ್ದವರು.

ಒಬ್ಬನ ವಿಷಯ ಬರೆಯಬೇಕು. ಲತೇಶ ಎಂದು, ಠಾಣೆಯ ಹೋಟೆಲಿನಲ್ಲಿ ಇಡ್ಲಿ ಬೇಯಿಸುತ್ತಿದ್ದವನು. ಈಗ ಕಾರ್ಕಳದ ಹತ್ತಿರ ಇದ್ದಾನೆ. ಫೋನ್ ಅವನ ತಾಯಿ ಎತ್ತಿದಳು. ಆಮೇಲೆ ಅವನಿಗೆ ಕೊಟ್ಟಳು. ಹಿತೇಶ್ ಡಾಕ್ಟರ ಕಡೆಯಿಂದ ಮಾತಾಡುವುದು ಎಂದೆ.

"ಹಾಂ, ನೆನಪುಂಟು. ಮೇ ತಿಂಗಳ ಕೊನೆಗೆ ನನ್ನ ಹೆಬ್ಬೆರಳಿನ ಕೆಳಗೆ ಕೆಂಪು ನೋಡಿದರು. ಬೂಟಿನ ಒಳಗಿನ ಹೊಲಿಗೆ ಒತ್ತುತ್ತದೆ, ಇದನ್ನು ಹಾಕಬೇಡ, ಮುಂದಿನ ವಾರ ಬೇರೆ ತರುತ್ತೇನೆ ಎಂದರು. ಬರಲಿಲ್ಲ."

ಅದನ್ನು ಅವನ ಹೆಸರಿನ ಮುಂದೆ ಬರೆದುಕೊಂಡೆ.

"ಮತ್ತೆ ಚಪ್ಪಲಿ ಹಾಕಿದೆ. ಮಳೆ ಶುರುವಾಯಿತು, ಅಡುಗೆಮನೆಯೆಲ್ಲ ನೀರು. ಗಾಯ ಒಡೆಯಿತು. ಊರಿಗೆ ಬಂದ ಮೇಲೆ ಮೊಣಕಾಲಿನ ಕೆಳಗೆ ತೆಗೆದರು. ಈಗ ಬೀಡಿ ಕಟ್ಟುತ್ತೇನೆ, ಕೂತು ಮಾಡುವ ಕೆಲಸ." ಆಮೇಲೆ ಅವನೇ ಹೇಳಿದ: "ಡಾಕ್ಟರಿಗೆ ಕೆಲಸ ಜಾಸ್ತಿಯಾಗಿ ಮರೆತಿರಬೇಕು. ಈಗ ದೊಡ್ಡ ಡಾಕ್ಟರಾಗಿರಬಹುದು. ನನಗೆ ಸಿಟ್ಟಿಲ್ಲ ಎಂದು ಹೇಳಿ ಅಕ್ಕ."

"ಹೇಳುತ್ತೇನೆ" ಎಂದೆ.

ಫೋನ್ ಇಟ್ಟೆ. ಅನ್ನದ ನೀರು ಉಕ್ಕಿ ಗ್ಯಾಸ್ ಆರಿದ್ದೂ ತಿಳಿಯಲಿಲ್ಲ. ಹಿತೇಶ ಯಾಕೆ ಬರಲಿಲ್ಲ ಎಂದು ಹೇಳಬೇಕಿತ್ತೋ ಏನೋ. ಕಾಲು ಹೋದವನಿಗೆ ಅದನ್ನೂ ಹೊರಿಸಲು ಬಾಯಿ ಬರಲಿಲ್ಲ.

ಎಲ್ಲರ ಹೆಸರು, ಅವರು ಹೇಳಿದ್ದು, ಒಂದೂ ಬಿಡದೆ ರಿತೇಶ ಟೈಪ್ ಮಾಡಿ ಕಳಿಸುತ್ತಾನೆ.

ಇತಿ,
ಪುಷ್ಪಾವತಿ


ಕಾಮೋಠೆ
29 ಮಾರ್ಚ್ 2015

ಕಾಕು,

ಲತೇಶನ ಮಾತು ಓದಿದೆ. 2013ರ ಜುಲೈದಾಗ ಆ ಹೋಟೆಲ್ಲಿಗೆ ಕೊನೀ ಸುತ್ತಿಗೆ ಹೋದವ ನಾನೇ. "ಊರಿಗೆ ಹೋದ" ಅಂದ್ರು. ಬರಕೊಂಡು ಬಂದೆ.

ಲೆಕ್ಕ ಹೊಸದಾಗಿ ಹಾಕೀನಿ. ಬಿಟ್ಟುಹೋದವರನ್ನ ಸೇರಿಸಿದ ಮ್ಯಾಲ ಬೂಟಿನ ಲಾಭ ಅರ್ಧದಿಂದ ಇಳಿದು ಕಾಲು ಪಾಲಿಗೆ ಬಂತು. ಅದೂ ಭಾಳ ಖಚಿತ ಅಲ್ಲ, ಇನ್ನೂ ದೊಡ್ಡ ಅಧ್ಯಯನ ಬೇಕು ಅಂತ ಬರಿಬೇಕಾಗ್ತದ. ಬೂಟಿನಿಂದಲೇ ಗಾಯ ಆದವರು ಇದ್ದಾರ ಅಂತಾನೂ ಬರಿಬೇಕು. ತಿಂಗಳಿಗೊಮ್ಮೆ ಕಾಲು ನೋಡಿದ್ರ ಸಾಲೂದಿಲ್ಲ, ನಡುವ ಯಾರರ ನೋಡೋರು ಬೇಕು. ಇದು ಹಿತೇಶ ಬರದಿದ್ದ ಮಾತಲ್ಲ. ಅವನ ಕೊನೀ ಪುಟ ಪೂರಾ ತಗದು ಬ್ಯಾರೆ ಬರೀಬೇಕು.

ಆ ಪುಟ ಅಂವ ನನ್ನ ರೂಮಿನ್ಯಾಗ ಕೂತು ಬರದಾನ. ಬರದು ಮುಗಿಸಿ "ಹಣಮ್ಯಾ, ಅಪ್ಪಗ ತೋರಿಸ್ಬೇಕು" ಅಂತ ಕುಣದಾಡಿದ್ದ. ಅದನ್ನ ಅಳಿಸಲಿಕ್ಕೆ ನನ್ನ ಕೈ ಏಳವಲ್ದು. ನಿಮ್ಮನ್ನ, ಕಾಕಾರನ್ನ ಕೇಳದೆ ಮುಟ್ಟಂಗಿಲ್ಲ. ಬ್ಯಾಡ ಅಂದ್ರ ಲೇಖನ ವಾಪಸ್ ತಗೋತೀನಿ. ಸುಳ್ಳು ಲೆಕ್ಕ ಮಾತ್ರ ಕಳಸಂಗಿಲ್ಲ.

ಹಣಮಂತ್ರಾಯ


ಡೊಂಬಿವಲಿ
5 ಏಪ್ರಿಲ್ 2015

ಪ್ರೀತಿಯ ಹಣಮಂತ್ರಾಯನಿಗೆ,

ನಿನ್ನ ಪತ್ರವನ್ನು ಇವರಿಗೆ ಓದಿ ಹೇಳಿದೆ. ಮೊದಲು ಸಿಟ್ಟು ಬಂತು. "ಹಾಗಾದರೆ ನನ್ನ ಮಗ ಬರೆದದ್ದು ತಪ್ಪೋ? ಇಷ್ಟು ತಿರುಗಿ ಅದನ್ನು ಹುಡುಕಿ ಕೊಟ್ಟವನೂ ನಾನೇ ಆದೆನೋ?" ಎಂದು ಗ್ಯಾಲರಿಗೆ ಹೋಗಿ ಕೂತರು. ಊಟಕ್ಕೆ ಕರೆದರೂ ಬರಲಿಲ್ಲ.

ಸಂಜೆ ಅವರೇ ಒಳಗೆ ಬಂದು ಕೇಳಿದರು: "ಆ ಲತೇಶನನ್ನು ಬಿಟ್ಟು ಬರೆದರೆ ಹಿತೇಶ ಒಪ್ಪುತ್ತಿದ್ದನಾ?"

"ಇಲ್ಲ" ಎಂದೆ.

"ಮತ್ತೆ ಹಣಮಂತ್ರಾಯ ನಮ್ಮನ್ನು ಕೇಳುವುದೆಂತ? ಬದಲಿಸಲಿ."

ಹಾಗಾಗಿ ಬದಲಿಸು. ಲತೇಶನ ಹೆಸರು ಹಾಕಬಾರದಂತೆ, ರಿತೇಶ ಹೇಳಿದ. ಹೆಸರು ಬೇಡ, ಅವನು ಲೆಕ್ಕದಲ್ಲಿರಲಿ. ತೆಗೆದ ಆ ಪುಟವನ್ನು ಮಾತ್ರ ನನಗೆ ಕಳಿಸು. ಅವನ ಅಪ್ಪ ಇನ್ನೂ ನೋಡಿಲ್ಲವಲ್ಲ.

ಇನ್ನೊಂದು ಮಾತು. ಕಳೆದ ವರ್ಷ ನಿಮ್ಮ ಕಾಲೇಜಿನ ಇನ್‌ಸ್ಪೆಕ್ಷನ್ನಿಗೆ ಮೊದಲು ಲೇಖನ ಎಲ್ಲಿಯಾದರೂ ಅಚ್ಚಾಗಿದ್ದರೆ ನಿನಗೆ ಬಡ್ತಿ ಆಗುತ್ತಿತ್ತಂತೆ, ಎಲ್ಲಿ ಹಾಕಿದರೂ ಸಾಕು ಎಂದು ನಿಮ್ಮ ಮುಖ್ಯಸ್ಥರೇ ಹೇಳಿದ್ದರಂತೆ. ನಿಮ್ಮ ಕಾಲೇಜಿನ ಯಾರೋ ರಿತೇಶನಿಗೆ ಸಿಕ್ಕಿದ್ದರು. ನೀನು ಇದನ್ನು ಯಾವ ಪತ್ರದಲ್ಲೂ ಬರೆಯಲಿಲ್ಲ. ನಾನು ಆ ಜನವರಿಯಲ್ಲಿ ಎಂತೆಂಥದ್ದು ಬರೆದಿದ್ದೆ.

ರವಿವಾರ ಊಟಕ್ಕೆ ಬಾ. ಬ್ರಿಜ್ ಇಳಿದು ಬಾ. ಕೆಳಗೆ ಇವರು ನಿಂತಿರುತ್ತಾರೆ.

ನಿನ್ನ,
ಪುಷ್ಪಾ ಕಾಕು


ಕಾಮೋಠೆ
17 ಜನವರಿ 2016

ಪುಷ್ಪಾ ಕಾಕು ಅವರಿಗೆ ನಮಸ್ಕಾರಗಳು.

ಜರ್ನಲ್ಲಿನ ಪ್ರತಿ ನಿಮಗ ಮುಟ್ಟಿದ್ದು, ಕಾಕಾರು ಮೊದಲ ಪುಟದ ಮ್ಯಾಲ ಬೆರಳಾಡಿಸಿದ್ದು, ಹಿತೇಶನ ಹೆಸರಿನ ಪಕ್ಕದ ಚುಕ್ಕಿ ತೀರಿಕೊಂಡವರ ಗುರುತು ಅಂತ ಕೇಳಿ ತಿಳಕೊಂಡಿದ್ದು, ಎಲ್ಲಾ ರಿತೇಶ ಹೇಳಿದ.

ಈ ಪತ್ರ ಬರಿಯೋ ಕಾರಣ ಬ್ಯಾರೆ ಅದ. ಬಳ್ಳಾರಿಯಿಂದ ಡಾಕ್ಟರ್ ಶರಣಬಸಮ್ಮ ಅಂಬೋರು ಇ-ಮೇಲ್ ಮಾಡ್ಯಾರ. ಅಲ್ಲಿ ಜೀನ್ಸ್ ಬಟ್ಟೆ ಒಗಿಯೋ ಕೆಲಸಗಾರರು ದಿನಾ ನೀರಾಗ ನಿಲ್ತಾರಂತ. ಅವರ ಕಾಲಿನ ಗಾಯದ ಬಗ್ಗೆ ಹುಡುಕೂವಾಗ ನಮ್ಮ ಲೇಖನ ಸಿಕ್ಕದ. ಅವರು ಕೇಳ್ತಾರ: "ನಮ್ಮವರು ಒಂದು ವಾರ ಬೂಟು ಹಾಕಿ ಬಿಸಾಕ್ತಾರ. ನಿಮ್ಮವರು ಅಡಗಿಮನಿ ಸೆಕಿಯೊಳಗ ಇಡೀ ವರ್ಷ ಹೆಂಗ ಹಾಕಿದ್ರು? ಲೇಖನದಾಗ ಅದು ಇಲ್ಲ. ದಯವಿಟ್ಟು ಡಾ. ಹಿತೇಶ್ ಅವರನ್ನೇ ಕೇಳಿ ತಿಳಿಸ್ರಿ." ಚುಕ್ಕಿ ಅವರ ಕಣ್ಣಿಗೆ ಬಿದ್ದಿಲ್ಲ.

ನನಗ ಇದಕ್ಕ ಉತ್ತರ ಗೊತ್ತಿಲ್ಲ ಕಾಕು. ಬೂಟಿನ ಕೆಲಸ ಎಲ್ಲಾ ಅಂವ ಮನಿಯೊಳಗ ಮಾಡ್ತಿದ್ದ. ನೀವು ನೋಡೀರಿ. ಅವರು ಕನ್ನಡದವರೇ. ವಿಳಾಸ ಕೆಳಗ ಬರದೀನಿ.

ನಿಮ್ಮ,
ಹಣಮಂತ್ರಾಯ


ಡೊಂಬಿವಲಿ ಪೂರ್ವ
31 ಜನವರಿ 2016

ಡಾಕ್ಟರ್ ಶರಣಬಸಮ್ಮನವರಿಗೆ ನಮಸ್ಕಾರ.

ನಿಮಗೆ ನನ್ನ ಪರಿಚಯವಿಲ್ಲ. ನೀವು ಓದಿದ ಲೇಖನ ಬರೆದ ಹಿತೇಶ ನನ್ನ ಮಗ. ನಾನು ಹೆಚ್ಚು ಓದಿದವಳಲ್ಲ, ಕಣ್ಣಿನಲ್ಲಿ ಕಂಡದ್ದನ್ನು ಬರೆಯುತ್ತೇನೆ.

ಮೊದಲ ಸಲ ತಂದ ಬೂಟನ್ನು ನಮ್ಮಲ್ಲೂ ಯಾರೂ ಹಾಕಲಿಲ್ಲ. ಆಗ ಅವನು ಅದೇ ಬೂಟು ಹಾಕಿಕೊಂಡು ನನ್ನ ಅಡುಗೆಮನೆಯಲ್ಲಿ ನಿಂತ. ಒಂದು ರವಿವಾರ ಬೆಳಗಿನಿಂದ ಸಂಜೆಯವರೆಗೆ ನಿಂತ. ನೆಲಕ್ಕೆ ನೀರು ಹೊಯ್ಯಲು ಹೇಳಿದ. ನಾನು ಬೈಯುತ್ತಾ ಹೊಯ್ದೆ. ಸಂಜೆ ಬಿಚ್ಚಿದಾಗ ಬೆರಳೆಲ್ಲ ಬೆಂದ ಹಾಗಾಗಿತ್ತು. ನಿಂತು ಕೆಲಸ ಮಾಡುವವರ ಕಾಲು ಸಂಜೆಗೆ ಊದುತ್ತದೆ, ಬೆಳಿಗ್ಗೆ ಅಳತೆ ತೆಗೆದದ್ದು ತಪ್ಪಾಯಿತು ಎಂದ. ಆಮೇಲೆ ಎಲ್ಲರ ಅಳತೆಯನ್ನೂ ಕೆಲಸ ಬಿಡುವ ಹೊತ್ತಿಗೆ ತೆಗೆದ. ಹತ್ತಿಯ ಕಾಲುಚೀಲ ಎರಡು ಜೊತೆ ಕೊಟ್ಟು, ಮಧ್ಯಾಹ್ನದ ಊಟ ಮುಗಿದ ಮೇಲೆ ಒಣಗಿದ್ದನ್ನು ಹಾಕಲು ಹೇಳಿದ. ಲಾಡಿ ಇರುವುದು ಬೇಡ, ಬಿಸಿ ಸಾಂಬಾರಿನ ಪಾತ್ರೆ ಹೊರುವಾಗ ಕಾಲಿಗೆ ಸಿಕ್ಕುತ್ತದೆ ಎಂದು ಕೆಲಸದವರೇ ಹೇಳಿದರು. ಅದನ್ನೂ ಬದಲಿಸಿದ. ಒಳಗಿನ ಹೊಲಿಗೆಯನ್ನು ಬೆರಳು ಹಾಕಿ ನೋಡಿ. ಅದು ಒತ್ತಿ ಗಾಯವಾದವರು ಇದ್ದಾರೆ. ಲೇಖನದಲ್ಲಿ ಅದು ಉಂಟು, ಆದರೂ ಮತ್ತೆ ಹೇಳುತ್ತೇನೆ.

ಹೀಗೆ ಬದಲಿಸಿದ ಬೂಟು ಕೊಟ್ಟ ಮೊದಲ ದಿನ ಪ್ರತಿಯೊಬ್ಬರಿಗೂ ಅವನೇ ನೆಲದಲ್ಲಿ ಕೂತು ಬೂಟು ಹಾಕಿದ. ಡಾಕ್ಟರು ಕಾಲು ಮುಟ್ಟಬಾರದು ಎಂದು ಒಬ್ಬರು ಹಿಂದೆ ಸರಿದರಂತೆ. "ನನ್ನ ಅಪ್ಪನ ಕಾಲನ್ನು ಸಮಯಕ್ಕೆ ಯಾರೂ ಮುಟ್ಟಿ ನೋಡಲಿಲ್ಲ" ಎಂದನಂತೆ ಹಿತೇಶ. ಇದನ್ನು ಆ ಮನುಷ್ಯರೇ ನಮ್ಮ ಮನೆಗೆ ಬಂದು ನನಗೆ ಹೇಳಿದರು. ಆ ಮೇಲೆ ಅವರು ಬೂಟು ಬಿಟ್ಟಿಲ್ಲ.

ಅವನನ್ನೇ ಕೇಳಿ ತಿಳಿಸಿ ಎಂದು ನೀವು ಬರೆದಿದ್ದೀರಿ. ಕೇಳಲು ಆಗುವುದಿಲ್ಲ. ನನ್ನ ಮಗ 2013ರ ಜೂನ್ ತಿಂಗಳಲ್ಲಿ ಲೋಕಲ್ ರೈಲಿನಿಂದ ಬಿದ್ದು ಸತ್ತುಹೋದ.

ನಿಮಗೆ ಇನ್ನೂ ಏನಾದರೂ ತಿಳಿಯುವುದಿದ್ದರೆ ನನಗೆ ಬರೆಯಿರಿ. ಅವನು ಮನೆಯಲ್ಲಿ ಮಾತಾಡುತ್ತಲೇ ಕೆಲಸ ಮಾಡುವವನು. ನಾನು ಪಕ್ಕದಲ್ಲೇ ಇರುತ್ತಿದ್ದೆ.

ಇತಿ ನಿಮ್ಮ,
ಪುಷ್ಪಾವತಿ
ಡಾ. ಹಿತೇಶನ ತಾಯಿ